ಡ್ರಮ್ ಆಮೇಲೆ, ಮೊದ್ಲು ನೆಲಕ್ಕೆ ಹೊದಿಕೆ ಹಾಕಿ

ಅವರೆಕಾಯಿ ಕಾಲ ಬಂತು ಅಂದ್ರೆ ನಮ್ ಶಿಡ್ಲಘಟ್ಟದ ಕಡೆ ಸಾಯಂಕಾಲ ಎಲ್ರೂ ಜಗಲಿ ಮೇಲೆ ಕೂತು ಕಾಯಿ ಸುಲಿಯೋದೇ ಕೆಲಸ. ಹಿತಕಿದ ಬೇಳೆ ಸಾರು ಮಾಡೋ ದಿನ ಅಂತೂ ಕಾಯಿ ಸಿಪ್ಪೆ ಬೇರೆ, ಹಿತಕಿದ ಕಾಳಿನ ಸಿಪ್ಪೆ ಬೇರೆ, ಎರಡು ಗುಡ್ಡೆ ಬೀಳ್ತದೆ. ಅರ್ಧ ಹಸುಗೆ ಹಾಕ್ತೀನಿ, ಇನ್ನರ್ಧ ಬದನೆ ಗಿಡದ ಸಾಲಿಗೆ ಹರಡ್ತೀನಿ. ಕೆಲವ್ರು ಇದನ್ನ ಕವರಿಗೆ ತುಂಬಿ ಕಸದ ಗಾಡಿಗೆ ಕೊಡೋದು ನೋಡಿದ್ರೆ ನಂಗೆ ಹೊಟ್ಟೆ ಉರೀತದೆ, ಯಾಕಂದ್ರೆ ದುಡ್ಡು ಕೊಟ್ಟು ಗೊಬ್ಬರ ತರೋರೂ ಅವರೇ.

ನಮ್ ತಂಗಿ ಮಗಳು ಚಿಂತಾಮಣೀಲಿ ಮನೆ ಹಿಂದೆ ಒಂದಿಷ್ಟು ಜಾಗದಲ್ಲಿ ತರಕಾರಿ ಹಾಕವಳೆ. ಮೊನ್ನೆ ಫೋನ್ ಮಾಡಿ ದೊಡ್ಡಮ್ಮ ಎರಡು ತಿಂಗಳಿಂದ ಜೀವಾಮೃತ ಹಾಕ್ತಿದೀನಿ ಗಿಡ ಹಂಗೇ ನಿಂತೈತೆ ಅಂದ್ಳು. ಜೀವಾಮೃತ ಅಂದ್ರೆ ಸಗಣಿ, ಗಂಜಲ, ಬೆಲ್ಲ, ಹಿಟ್ಟು ನೀರಲ್ಲಿ ಕಲಸಿ ಡ್ರಮ್ಮಲ್ಲಿ ಹುಳಿ ಬರಿಸಿ ಮಣ್ಣಿಗೆ ಹಾಕೋದು. ಬುಡದಲ್ಲಿ ಏನು ಹರಡಿದೀಯ ಅಂತ ಕೇಳಿದೆ, ಏನೂ ಇಲ್ಲ ದೊಡ್ಡಮ್ಮ ನೀಟಾಗಿ ಕಳೆ ಕಿತ್ತು ಗುಡಿಸಿ ಇಟ್ಟಿದೀನಿ ಅಂದ್ಳು. ಅಲ್ಲೇ ಇರೋದು ನೋಡಿ ತಪ್ಪು. ಜೀವಾಮೃತ ಅನ್ನೋದು ಹೊಟ್ಟೆ ತುಂಬೋ ಊಟ ಅಲ್ಲ ಕಣಮ್ಮ, ಅದು ಮೊಸರಿಗೆ ಹೆಪ್ಪು ಹಾಕಿದಂಗೆ. ಹಾಲೇ ಇಲ್ದೆ ಹೆಪ್ಪು ಹಾಕಿದ್ರೆ ಮೊಸರು ಎಲ್ಲಿಂದ ಬರ್ತದೆ? ಅದ್ರಲ್ಲಿರೋ ಜೀವಾಣುಗೆ ತಿನ್ನೋಕೆ ಸೊಪ್ಪು ಸದೆ ಬೇಕು, ಇರೋಕೆ ನೆರಳು ಬೇಕು, ತೇವ ಬೇಕು. ನಮ್ ಕೆಂಪು ಮಣ್ಣು ಏಪ್ರಿಲ್ ಬಿಸಿಲಿಗೆ ಬರಿಗಾಲಿಡೋಕಾಗದಂಗೆ ಕಾಯ್ತದೆ, ಅದ್ರ ಮೇಲೆ ಎಷ್ಟು ಡ್ರಮ್ ಜೀವಾಮೃತ ಸುರಿದ್ರೂ ವ್ಯರ್ಥ. ನೈಸರ್ಗಿಕ ಕೃಷಿ ಹೇಳ್ಕೊಡೋ ಸುಭಾಷ್ ಪಾಳೇಕರ್ ಅವರು ಜೀವಾಮೃತದ ಜೊತೇಲೇ ಹೊದಿಕೆನೂ, ಅಂದ್ರೆ ನೆಲದ ಮೇಲೆ ಒಣ ಎಲೆ ಕಡ್ಡಿ ಹರಡೋದನ್ನೂ ಹೇಳವರೆ, ನಮ್ ಜನ ಡ್ರಮ್ ಮಾತ್ರ ಹಿಡ್ಕೊಂಡು ಹೊದಿಕೆ ಬಿಟ್ಟುಬಿಟ್ರು. ವರ್ಷಪೂರ್ತಿ ಹರಿಯೋ ಹೊಳೆ ಇಲ್ಲದ ಊರು ನಮ್ದು, ಬೋರ್‌ವೆಲ್ ಸಾವಿರ ಅಡಿ ದಾಟಿ ಹೋದ್ರೂ ನೀರು ಕಾಣದ ಕಡೆ ಹೊದಿಕೆ ಇಲ್ದೆ ಬೇಸಾಯ ಮಾಡೋದು ಹೆಂಗೆ ಹೇಳಿ.

ಹೊದಿಕೆಗೆ ಏನು ಹಾಕೋದು ಅಂದ್ರೆ, ರಾಗಿ ಹುಲ್ಲು ಹಾಕಿ ಅಂತ ನಾನ್ ಹೇಳಲ್ಲ, ಅದು ದನದ ಬಾಯಿಗೆ ಬೇಕು. ಆದ್ರೆ ಮೆದೆ ತಳದಲ್ಲಿ ಮಳೆಗೆ ನೆನೆದು ಕಪ್ಪಾಗಿರೋ ಹುಲ್ಲು, ದನ ತಿಂದು ಬಿಟ್ಟು ಕಾಲಲ್ಲಿ ತುಳಿದು ಗಂಜಲದಲ್ಲಿ ನೆನೆದಿರೋ ಕಡ್ಡಿ ಇರ್ತದಲ್ಲ, ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಹೊಂಗೆ ಮರದ ಕೆಳಗೆ ಯುಗಾದಿಗೆ ಮುಂಚೆ ಉದುರೋ ಎಲೆ ಚೀಲಕ್ಕೆ ತುಂಬಿ ಇಟ್ಕೊಳ್ಳಿ, ಬೆಂಕಿ ಮಾತ್ರ ಹಚ್ಬೇಡಿ. ಕಡ್ಲೆಕಾಯಿ ಸಿಪ್ಪೆ ಸಿಕ್ರೆ ಅದೂ ಸೈ. ನೀಲಗಿರಿ ಎಲೆ ಮಾತ್ರ ಬೇಡ, ಅದ್ರ ಕೆಳಗೆ ಸಣ್ಣ ಸಸಿ ಏಳೋದಿಲ್ಲ. ರೇಷ್ಮೆ ಮನೆಯೋರಿಗೆ ಹಿಪ್ಪುನೇರಳೆ ಕಡ್ಡಿ ಬೇಕಾದಷ್ಟು ಸಿಗ್ತದೆ, ತುಂಡು ಮಾಡಿ ಹರಡಿ. ಹುಳದ ಹಿಕ್ಕೆ ಮತ್ತೆ ಉಳಿದ ಸೊಪ್ಪು ಹಸಿಯಾಗಿ ಹಾಕ್ಬೇಡಿ, ಅದ್ರಲ್ಲಿ ಸುಣ್ಣದ ಪುಡಿ ಬೇರೆ ಇರ್ತದೆ, ತಿಪ್ಪೇಲಿ ಚೆನ್ನಾಗಿ ಕೊಳೆತು ಮಣ್ಣಿನಂಗೆ ಆದ್ಮೇಲೆ ಹಾಕಿ. ಹುಳಕ್ಕೆ ರೋಗ ಬಂದ ಬೆಳೆ ಆದ್ರೆ ಆ ಕಸ ತಿಪ್ಪೆಗೂ ಬೇಡ, ಸುಟ್ಟುಬಿಡಿ ಇಲ್ಲ ದೂರ ಗುಂಡಿ ತೋಡಿ ಮುಚ್ಚಿ, ಇಲ್ದಿದ್ರೆ ಮತ್ತೆ ತೋಟಕ್ಕೇ ಬರ್ತದೆ ಅದು.

ನಾನು ಒಂದ್ಸಲ ಮಾಡಿದ ತಪ್ಪು ಹೇಳ್ತೀನಿ. ತಿಪಟೂರು ಕಡೆ ನೆಂಟ್ರು ತೆಂಗಿನ ನಾರಿನ ಪುಡಿ ಎರಡು ಮೂಟೆ ಕಳಿಸಿದ್ರು, ಮೆತ್ತಗೆ ಚೆನ್ನಾಗೈತೆ ಅಂತ ಹಂಗೇ ಮಣ್ಣಿಗೆ ಸೇರಿಸಿ ಬದನೆ ಸಸಿ ನೆಟ್ಟೆ. ತಿಂಗಳಿಗೆಲ್ಲ ಎಲೆ ಹಳದಿ, ಗಿಡ ಗೇಣುದ್ದ ಮೇಲೇಳಲಿಲ್ಲ. ಕಾರಣ ಏನು ಅಂದ್ರೆ ಗಟ್ಟಿ ನಾರಿನ ವಸ್ತು ಮಣ್ಣೊಳಗೆ ಕೊಳೆಯೋವಾಗ ಅದನ್ನ ತಿನ್ನೋ ಜೀವಾಣು ಮಣ್ಣಲ್ಲಿರೋ ನೈಟ್ರೋಜನ್ ಎಲ್ಲಾ ತಾವೇ ತಗೊಂಡ್ಬಿಡ್ತವೆ, ಗಿಡಕ್ಕೆ ಉಪವಾಸ. ಅದೇ ಪುಡೀನ ಸಗಣಿ ನೀರು ಹಾಕ್ತಾ ತಿಂಗಳುಗಟ್ಲೆ ಕೊಳೆಸಿ ಹಾಕಿದ್ರೆ ಬಂಗಾರ. ಒಣಗಿದ್ದು ಮಣ್ಣಿನ ಮೇಲೆ ಇರ್ಲಿ, ಒಳಗೆ ಬೆರೆಸ್ಬೇಡಿ, ಇಷ್ಟು ಜ್ಞಾಪಕ ಇಟ್ಕೊಳ್ಳಿ ಸಾಕು.

ಹರಡೋದಕ್ಕೆ ಮುಂಚೆ ನೆಲ ಚೆನ್ನಾಗಿ ನೆನೆದಿರ್ಬೇಕು, ಒಣ ನೆಲದ ಮೇಲೆ ಹರಡಿದ್ರೆ ಸಣ್ಣ ಮಳೆ ನೀರು ಹೊದಿಕೇಲೇ ನಿಂತುಬಿಡ್ತದೆ, ಕೆಳಗಿಳಿಯಲ್ಲ. ಮೂರು ನಾಲ್ಕು ಇಂಚು ದಪ್ಪ ಇರ್ಲಿ, ಕಾಂಡದ ಸುತ್ತ ಮಾತ್ರ ನಾಲ್ಕು ಬೆರಳು ಬಿಡಿ, ಇಲ್ದಿದ್ರೆ ಬುಡ ಕೊಳೀತದೆ. ಗೆದ್ದಲು ಕಾಟ ಇದ್ರೆ ಬೇವಿನ ಸೊಪ್ಪು ಹೊಂಗೆ ಸೊಪ್ಪು ಬೆರೆಸಿ ಹರಡಿ, ತೇವ ಆರೋಕೆ ಬಿಡ್ಬೇಡಿ, ನಂಗೆ ಅಷ್ಟರಲ್ಲೇ ಕಡಿಮೆ ಆಗೈತೆ.

ಈಗ ಡ್ರಮ್ಮಿನ ವಿಷಯ. ಎಕರೆ ಲೆಕ್ಕ ಎಲ್ರಿಗೂ ಗೊತ್ತು, 200 ಲೀಟರ್ ನೀರಿಗೆ 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಮಣ್ಣು ಒಂದು ಬೊಗಸೆ. ಮನೆ ತೋಟಕ್ಕೆ ಅದರ ಹತ್ತನೇ ಒಂದು ಭಾಗ ಸಾಕು, 20 ಲೀಟರ್ ಬಕೆಟ್ಟಿಗೆ 1 ಕೆಜಿ ಸಗಣಿ, 1 ಲೀಟರ್ ಗಂಜಲ, ಬೆಲ್ಲ 200 ಗ್ರಾಂ, ಹುರುಳಿ ಹಿಟ್ಟೋ ಕಡ್ಲೆ ಹಿಟ್ಟೋ 200 ಗ್ರಾಂ, ಒಂದು ಹಿಡಿ ಮಣ್ಣು. ಆ ಮಣ್ಣು ಔಷಧಿ ಹೊಡೀದೆ ಇರೋ ಜಾಗದ್ದಾಗಿರ್ಬೇಕು, ನಾನು ಆಲದ ಮರದ ಬುಡದಿಂದ ತರ್ತೀನಿ. ಹುಳ ಹಿಡಿದು ಮಾರೋಕಾಗದ ಹುರುಳಿ ಬೀಸಿದ್ರೂ ನಡೀತದೆ. ನಲ್ಲಿ ನೀರಾದ್ರೆ ಹಿಂದಿನ ರಾತ್ರೀನೇ ಹಿಡಿದು ಬಾಯಿ ತೆರೆದಿಡಿ, ಕ್ಲೋರಿನ್ ವಾಸನೆ ಇದ್ರೆ ನಾವು ಬೆಳೆಸಬೇಕಾದ ಜೀವಾಣುಗಳೇ ಸಾಯ್ತವೆ. ನಾಟಿ ಹಸು ಸಗಣಿ ಒಳ್ಳೇದು ಅಂತಾರೆ, ನಮ್ಮನೇಲಿ ಒಂದೇ ನಾಟಿ ಇರೋದು, ಸಾಲದೇ ಇದ್ದಾಗ ಸೀಮೆ ಹಸುದೂ ಸೇರಿಸ್ತೀನಿ, ಅದ್ರಿಂದ ಬೆಳೆ ಕೆಟ್ಟಿದ್ದು ನಾನ್ ನೋಡಿಲ್ಲ.

ನೆರಳಲ್ಲಿಟ್ಟು ಗೋಣಿಚೀಲ ಮುಚ್ಚಿ ಕಟ್ಟಿ, ಗಾಳಿ ಆಡ್ಬೇಕು, ಮುಚ್ಚಳ ಬಿಗಿ ಮಾಡ್ಬೇಡಿ. ಬೆಳಿಗ್ಗೆ ಸಾಯಂಕಾಲ ಕೋಲಲ್ಲಿ ತಳದಿಂದ ತಿರುಗಿಸಿ. ಎರಡು ದಿನಕ್ಕೆ ನೊರೆ ಬಂದು, ಹುಳಿ ಬಂದ ದೋಸೆ ಹಿಟ್ಟಿಗೆ ಬೆಲ್ಲ ಕಲಸಿದಂಥ ವಾಸನೆ ಬರ್ತದೆ, ಆಗ ರೆಡಿ. ಚರಂಡಿ ವಾಸನೆ ಬಂದ್ರೆ ಒಳಗೆ ಗಾಳಿ ಹೋಗಿಲ್ಲ ಅಂತ, ಎರಡು ದಿನ ಚೆನ್ನಾಗಿ ತಿರುಗಿಸಿ ನೋಡಿ, ಆಗ್ಲೂ ಹೋಗ್ದಿದ್ರೆ ತಿಪ್ಪೆಗೆ ಸುರಿದು ಹೊಸದಾಗಿ ಮಾಡಿ. ಬಿಳಿ ಹುಳ ಬಿದ್ರೆ ಗಾಬರಿ ಬೇಡ, ಬಟ್ಟೆ ಸರಿಯಾಗಿ ಕಟ್ಟಿಲ್ಲ ನೊಣ ಮೊಟ್ಟೆ ಇಟ್ಟೈತೆ ಅಷ್ಟೆ. ಒಂದು ವಾರದೊಳಗೆ ಮುಗಿಸಿ. ಒಂದು ಮಗ್ಗಿಗೆ ಹತ್ತು ಮಗ್ ನೀರು ಸೇರಿಸಿ ಸಾಯಂಕಾಲ, ನೆನೆದ ಹೊದಿಕೆ ಮೇಲೇ ಸುರೀರಿ, ಹದಿನೈದು ದಿನಕ್ಕೊಂದ್ಸಲ.

ಇನ್ನೊಂದು ವಿಷಯ ಯಾರೂ ಹೇಳಲ್ಲ, ನಾನ್ ಗಟ್ಟಿಯಾಗಿ ಹೇಳ್ತೀನಿ. ಕೊತ್ತಂಬರಿ, ಸೌತೆಕಾಯಿ, ಮೂಲಂಗಿ, ಹಸಿಯಾಗಿ ತಿನ್ನೋ ಯಾವುದಕ್ಕೂ ಸಗಣಿ ನೀರು ಹಾಕ್ಬೇಡಿ, ಮಕ್ಕಳ ಹೊಟ್ಟೆ ಕೆಡ್ತದೆ. ಆ ಮಡಿಗೆ ಬಿತ್ತೋಕೆ ಮುಂಚೇನೇ ಚೆನ್ನಾಗಿ ಕಳಿತ ಗೊಬ್ಬರ ಹಾಕಿಬಿಡಿ. ಆಮೇಲೆ ಬೇಕಾದ್ರೆ ಬರೀ ಸೊಪ್ಪಿನ ನೀರು ಮಾಡ್ಕೊಳ್ಳಿ, ಹೊಂಗೆ, ಗ್ಲಿರಿಸಿಡಿಯಾ (ಗೊಬ್ಬರದ ಗಿಡ), ಹೂ ಬಿಡದೆ ಇರೋ ಕಾಂಗ್ರೆಸ್ ಹುಲ್ಲು ಕೊಚ್ಚಿ ಬಕೆಟ್ಟಿಗೆ ತುಂಬಿ ಮುಳುಗೋಷ್ಟು ನೀರು ಹಾಕಿ ಎರಡು ವಾರ ಬಿಟ್ರೆ ಆಯ್ತು, ದಿನಾ ಒಂದ್ಸಲ ತಿರುಗಿಸಿ. ಇದು ನಾರ್ತದೆ, ನಾರ್ಬೇಕು, ಜೀವಾಮೃತದ ಹಂಗಲ್ಲ. ಸೋಸಿ ಹತ್ತರಷ್ಟು ನೀರು ಬೆರೆಸಿ ಬುಡಕ್ಕೆ ಹಾಕಿ, ಎಲೆ ಮೇಲೆ ಬೇಡ. ಕಾಂಗ್ರೆಸ್ ಹುಲ್ಲು ಮೈಗೆ ತುರಿಕೆ ಮಾಡ್ತದೆ, ಗ್ಲೌಸ್ ಹಾಕ್ದೆ ಮುಟ್ಬೇಡಿ. ಸಗಣಿ ಕಲಸೋವಾಗ್ಲೂ ಕೈಯಲ್ಲಿ ಗಾಯ ಇದ್ರೆ ಬೇರೆಯವ್ರಿಗೆ ಹೇಳಿ.

ಜೀವಾಮೃತದ ಡ್ರಮ್ ಖಾಲಿ ಆದ್ಮೇಲೆ ಪೂರ್ತಿ ತೊಳೀಬೇಡಿ, ತಳದಲ್ಲಿ ಎರಡು ಮಗ್ ಉಳಿಸ್ಕೊಂಡು ಅದ್ರ ಮೇಲೇ ಮುಂದಿನ ಸಲದ್ದು ಕಲಸಿ, ಹೆಪ್ಪು ಬೇಗ ಹಿಡೀತದೆ.