ನಿಮ್ಮ ಸರ್ಕಲ್ಲಿಗೆ ಫ್ಲೈಓವರ್ ಬರತ್ತಂತಾ? ಬೇಕು-ಬೇಡ ಅನ್ನೋಕೆ ಮುಂಚೆ ಇಷ್ಟು ಮಾಡಿ

ಪೇಪರ್‌ನಲ್ಲಿ ನಿಮ್ಮ ಏರಿಯಾ ಜಂಕ್ಷನ್ ಹೆಸ್ರು ಬಂತು ಅಂದ್ಕೊಳ್ಳಿ, ಇಷ್ಟು ಕೋಟಿ, ಸಿಗ್ನಲ್ ಫ್ರೀ ಸಂಚಾರ, ಪಕ್ಕದಲ್ಲಿ ಶಾಸಕರು ಮ್ಯಾಪ್ ಮೇಲೆ ಬೆರಳಿಟ್ಕೊಂಡು ನಿಂತಿರೋ ಫೋಟೋ. ಸಾಯಂಕಾಲದೊಳಗೆ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪ್ ಎರಡು ಹೋಳಾಗಿರತ್ತೆ, ಒಬ್ರು ಸದ್ಯ ಕೊನೆಗೂ ಬಂತಲ್ಲ ಅಂತಾರೆ, ಇನ್ನೊಬ್ರು ಎಲ್ಲಾ ಕಮಿಷನ್ ಹೊಡ್ಯೋ ಪ್ಲಾನು ಅಂತಾರೆ, ಆಮೇಲೆ ಯಾವನೋ ಪಕ್ಷದ ವಿಷ್ಯ ಎತ್ತಿದ ತಕ್ಷಣ ಜಂಕ್ಷನ್ ಮರ್ತೇ ಹೋಗಿ ದಿಲ್ಲಿ ತನಕ ಹೋಗತ್ತೆ. ಈ ಬೇಕು-ಬೇಡ ಜಗಳದಲ್ಲಿ ಯಾರು ಗೆದ್ರೂ ನಿಮಗೇನೂ ಗಿಟ್ಟಲ್ಲ, ಯಾಕಂದ್ರೆ ಇಬ್ರ ಕೈಲೂ ಆ ಜಂಕ್ಷನ್ನಿನ ಲೆಕ್ಕ ಇರಲ್ಲ. ಲೆಕ್ಕ ಇರೋ ಕಡತ ಒಂದಿದೆ, ಡಿಪಿಆರ್ ಅಂತ, ಅಂದ್ರೆ ವಿಸ್ತೃತ ಯೋಜನಾ ವರದಿ, ಅದನ್ನ ಟೆಂಡರ್‌ಗೆ ಮುಂಚೆ ಹೇಗೆ ಈಚೆ ತೆಗ್ಸೋದು, ತೆಗ್ಸಿದ್ಮೇಲೆ ಯಾವ ಪುಟ ಓದೋದು, ಯಾರ ಮುಂದೆ ಇಡೋದು ಅಂತ ಬರೀತಿದ್ದೀನಿ.

ಮೊದಲ್ನೇದು, ರಸ್ತೆ ಯಾರ್ದು ಅಂತ ಪತ್ತೆ ಮಾಡಿ. ಇದು ಕೇಳೋಕೆ ಸಿಲ್ಲಿ ಅನ್ಸತ್ತೆ ಆದ್ರೆ ಅರ್ಧ ಜನ ಇಲ್ಲೇ ಎಡವೋದು. ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು, ಅದಕ್ಕೇ ಅಲ್ಲಿ ಬೈಗುಳ ತಿಂದಿದ್ದು ಸಂಸದರು, ಕಾರ್ಪೊರೇಷನ್ ಅಲ್ಲ. ಬೆಂಗಳೂರಿನ ಹೆಬ್ಬಾಳದ ಲೂಪ್ ಬಿಡಿಎದು, ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಹೋಗೋ ಡಬಲ್ ಡೆಕ್ಕರ್ ಮೆಟ್ರೋ ನಿಗಮದ್ದು, ಈಜೀಪುರದ್ದು ಬಿಬಿಎಂಪಿ ಶುರು ಮಾಡಿದ್ದು, 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿನೇ ಇಲ್ಲ, ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ನಗರ ಪಾಲಿಕೆ. ತಪ್ಪು ಆಫೀಸಿಗೆ ಅರ್ಜಿ ಹಾಕಿದ್ರೆ ಅವ್ರು ಇನ್ನೊಬ್ರಿಗೆ ವರ್ಗಾಯಿಸ್ತಾರೆ, ಅಷ್ಟರಲ್ಲಿ ತಿಂಗಳು ಹೋಗಿರತ್ತೆ.

ತಿಂಗಳು ಯಾಕೆ ಮುಖ್ಯ ಅಂದ್ರೆ ಈ ಆಟದಲ್ಲಿ ಎಲ್ಲಾ ಟೈಮಿಂಗ್ ಮೇಲೆ ನಿಂತಿದೆ. ಚಾಲುಕ್ಯ ಸರ್ಕಲ್‌ನಿಂದ ಹೆಬ್ಬಾಳಕ್ಕೆ ಸ್ಟೀಲ್ ಫ್ಲೈಓವರ್ ಅಂತ 2016ರಲ್ಲಿ ಹೊರಟಿದ್ರಲ್ಲ, 6.7 ಕಿಲೋಮೀಟರ್, 1,791 ಕೋಟಿ, 812 ಮರ. ಆ ಅಕ್ಟೋಬರ್ 16ಕ್ಕೆ ಜನ ರಸ್ತೆ ಬದಿ ಕೈ ಕೈ ಹಿಡ್ದು ಸಾಲಾಗಿ ನಿಂತ್ರು, ಹಸಿರು ನ್ಯಾಯಮಂಡಳಿಯಿಂದ ತಡೆ ಬಂತು, ವಿರೋಧ ಪಕ್ಷದವ್ರೂ ಸೇರ್ಕೊಂಡ್ರು, 2017ರ ಮಾರ್ಚ್ 2ಕ್ಕೆ ಸಚಿವ ಕೆ.ಜೆ. ಜಾರ್ಜ್ ಯೋಜನೆ ಕೈಬಿಟ್ವಿ ಅಂದ್ರು. ಆಗ ಒಂದೇ ಒಂದು ಕಂಬ ಎದ್ದಿರ್ಲಿಲ್ಲ ಅನ್ನೋದನ್ನ ಮರೀಬೇಡಿ. ಅದೇ 2017ರಲ್ಲೇ ಶುರುವಾದ ಈಜೀಪುರದ್ದು ನೋಡಿ, ಬರೀ 2.5 ಕಿಲೋಮೀಟರ್, 2022ರ ಮಾರ್ಚ್‌ನಲ್ಲಿ ಗುತ್ತಿಗೆನೇ ರದ್ದಾಯ್ತು, 2023ರಲ್ಲಿ ಬೇರೆ ಗುತ್ತಿಗೆದಾರರು, ಇಷ್ಟರ ಮಧ್ಯೆ ಎಲ್ಲಾ ಮೂರು ಪಕ್ಷದವ್ರೂ ಮುಖ್ಯಮಂತ್ರಿ ಕುರ್ಚಿ ಮೇಲೆ ಕೂತು ಎದ್ರು, ಪ್ರತಿಯೊಬ್ರೂ ಹಿಂದಿನವ್ರನ್ನ ಬೈದ್ರು. ಕಂಬ ಎದ್ಮೇಲೆ ಬೇಡ ಅನ್ನೋಕಾಗಲ್ಲ, ಬೇಗ ಮುಗ್ಸಿ ಸ್ವಾಮಿ ಅನ್ಬೋದು ಅಷ್ಟೇ. ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗ್ಲು ಹಾಕ್ದಂಗೆ. ಹಂಗಾಗಿ ಸಂಪುಟದ ಒಪ್ಪಿಗೆ ಸುದ್ದಿ ಬಂದ ವಾರವೇ ಕೆಲ್ಸ ಶುರು ಮಾಡಿ, ಭೂಮಿಪೂಜೆ ತನಕ ಕಾಯ್ಬೇಡಿ.

ಕೆಲ್ಸ ಅಂದ್ರೆ ಆರ್‌ಟಿಐ, ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ ಶುಲ್ಕ, ಆನ್‌ಲೈನ್‌ನಲ್ಲೂ ಹಾಕ್ಬೋದು, 30 ದಿನದಲ್ಲಿ ಉತ್ರ ಕೊಡ್ಬೇಕು, ಕೊಡ್ದಿದ್ರೆ ಮೊದಲ ಮೇಲ್ಮನವಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮಿತಿ, ಅದಕ್ಕೇ ಭಾಷಣ ಬರೀಬೇಡಿ, ಯಾಕೆ ಅಂತನೂ ಕೇಳ್ಬೇಡಿ. ಯಾಕೆ ಮಾಡ್ತಿದ್ದೀರಿ ಅಂತ ಕೇಳಿದ್ರೆ ಅದು ಮಾಹಿತಿ ಅಲ್ಲ ಅಂತ ಹಿಂಬರಹ ಬರತ್ತೆ. ಹೀಗೆ ಬರೀರಿ: "ಸದರಿ ಜಂಕ್ಷನ್‌ನಲ್ಲಿ ಪ್ರಸ್ತಾಪಿಸಿರುವ ಮೇಲ್ಸೇತುವೆಯ ವಿಸ್ತೃತ ಯೋಜನಾ ವರದಿ, ತಿರುವುವಾರು ವಾಹನ ಎಣಿಕೆಯ ಪಟ್ಟಿ, ಪರಿಶೀಲಿಸಲಾದ ಪರ್ಯಾಯ ವಿನ್ಯಾಸಗಳು, ಚರಂಡಿ ಹಾಗೂ ಪಾದಚಾರಿ ಮಾರ್ಗದ ನಕ್ಷೆ, ಇವುಗಳ ದೃಢೀಕೃತ ಪ್ರತಿ ಒದಗಿಸುವುದು." ಇಷ್ಟೇ. ಸರ್ಕಾರಿ ಕನ್ನಡದಲ್ಲೇ ಬರೀರಿ, ಆ ಕಡೆ ಓದೋ ಗುಮಾಸ್ತರಿಗೆ ಕಡತ ಹುಡ್ಕೋಕೆ ಸುಲಭ ಆಗತ್ತೆ. ಟೆಂಡರ್ ಆಗ್ಲೇ ಕರೆದಿದ್ರೆ ರಾಜ್ಯ ಸರ್ಕಾರದ ಟೆಂಡರ್ ಬರೋ ಕೆಪಿಪಿಪಿ ಪೋರ್ಟಲ್‌ನಲ್ಲಿ ಹುಡ್ಕಿ, ಎಷ್ಟೋ ಸಲ ಡ್ರಾಯಿಂಗ್ ಅಲ್ಲೇ ಸಿಗತ್ತೆ, ಕೇಳೋದೇ ಬೇಡ.

ಈಗ ಡಿಪಿಆರ್ ಬಂತು, ನೂರಾರು ಪುಟ, ಹೆದರ್ಬೇಡಿ, ಮಣ್ಣಿನ ಪರೀಕ್ಷೆ ಎಲ್ಲಾ ಬಿಟ್ಟಾಕಿ ಸೀದಾ ಟ್ರಾಫಿಕ್ ಚಾಪ್ಟರ್‌ಗೆ ಹೋಗಿ. ಅಲ್ಲಿ ಎಲ್ಲಾ ಗಾಡಿನೂ ಪಿಸಿಯು ಅನ್ನೋ ಒಂದೇ ಅಳತೆಗೆ ತಂದಿರ್ತಾರೆ, ಕಾರು 1 ಅಂತ ಇಟ್ಕೊಂಡು ಉಳಿದದ್ದೆಲ್ಲ ಅದಕ್ಕೆ ಹೋಲಿಸೋದು. ನಗರದ ರಸ್ತೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ (ಐಆರ್‌ಸಿ) 106ನೇ ಮಾರ್ಗಸೂಚಿ ಪ್ರಕಾರ, ಒಟ್ಟು ಗಾಡಿಯಲ್ಲಿ ಹತ್ತು ಪರ್ಸೆಂಟ್ ದಾಟಿದ್ರೆ ಟೂ ವೀಲರ್ 0.75, ಆಟೋ 2, ಬಸ್ಸು 3.7, ಐದು ಪರ್ಸೆಂಟ್ ಮಟ್ಟದಲ್ಲಿದ್ರೆ 0.5, 1.2, 2.2. ಇನ್ನು ಗ್ರೇಡ್ ಸೆಪರೇಟರ್‌ಗೆ, ಅಂದ್ರೆ ಫ್ಲೈಓವರ್ ಥರದ್ದಕ್ಕೆ, ಐಆರ್‌ಸಿ 92 ಹೇಳೋ ಒರೆಗಲ್ಲು, ಎಲ್ಲಾ ದಿಕ್ಕಿಂದ ಬರೋದು ಸೇರಿ ಗಂಟೆಗೆ 10,000 ಪಿಸಿಯು ದಾಟ್ಬೇಕು.

ಇದನ್ನ ನೀವೇ ಚೆಕ್ ಮಾಡ್ಬೋದು, ನಿಜವಾಗ್ಲೂ. ಜಂಕ್ಷನ್ ಕಾಣೋ ಯಾವ್ದಾದ್ರೂ ಟೆರೇಸ್ ಮೇಲೆ ಫೋನ್ ಇಟ್ಟು ಪೀಕ್ ಟೈಮಲ್ಲಿ ಕಾಲು ಗಂಟೆ ವಿಡಿಯೋ ಮಾಡಿ, ಆಮೇಲೆ ಮನೇಲಿ ಕೂತು ಸ್ಲೋ ಮಾಡಿ ಎಣಿಸಿ, ಒಬ್ರಿಗೆ ಒಂದೊಂದು ದಿಕ್ಕು ಹಂಚಿ, ಕಾಲೇಜು ಹುಡುಗ್ರು ಇದ್ರೆ ಇನ್ನೂ ಬೇಗ. ಉದಾಹರಣೆಗೆ ಒಂದು ದಿಕ್ಕಿಂದ ಕಾಲು ಗಂಟೆಗೆ 400 ಬೈಕು, 150 ಕಾರು, 65 ಆಟೋ, 20 ಬಸ್ಸು ಬಂತು ಅಂತ ಇಟ್ಕೊಳ್ಳಿ. ಬೈಕು 300, ಕಾರು 150, ಆಟೋ 130, ಬಸ್ಸು ಐದು ಪರ್ಸೆಂಟ್‌ಗಿಂತ ಕಮ್ಮಿ ಇರೋದ್ರಿಂದ 44, ಒಟ್ಟು 624. ಗಂಟೆಗೆ 2,496. ನಾಲ್ಕು ದಿಕ್ಕೂ ಹೀಗೇ ಇದ್ರೆ 9,984. ಹತ್ತು ಸಾವಿರಕ್ಕೆ ಹದಿನಾರು ಕಮ್ಮಿ! ಮೇಲಿನ ಲೆಕ್ಕದಲ್ಲಿ ಬಸ್ಸಿಗೆ 2.2 ಬದ್ಲು 3.7 ಹಾಕಿದ್ರೆ ಸಾಕು, ಬೇಡದ ಫ್ಲೈಓವರ್ ಬೇಕಾಗೋಗತ್ತೆ. ಕನ್ಸಲ್ಟೆಂಟ್ ಯಾವ ಅಂಕಿ ಹಾಕಿದ್ದಾರೆ ನೋಡೋದು ಇದಕ್ಕೇ.

ಅದಕ್ಕಿಂತ ದೊಡ್ಡ ಜಾದೂ ಇರೋದು ಬೆಳವಣಿಗೆ ದರದಲ್ಲಿ. ವರ್ಷಕ್ಕೆ 5 ಪರ್ಸೆಂಟ್ ಅಂತ ಹಿಡಿದ್ರೆ 20 ವರ್ಷಕ್ಕೆ ಇವತ್ತಿನ ಎರಡೂವರೆ ಪಟ್ಟಿಗಿಂತ ಜಾಸ್ತಿ ಆಗತ್ತೆ, ಆ ಲೆಕ್ಕದಲ್ಲಿ 4,000 ಇರೋ ಜಂಕ್ಷನ್ನೂ ಪಾಸು. ಅದೇ ರಸ್ತೇಲಿ ಮೆಟ್ರೋ ಬರ್ತಿದ್ರೂ ಅದೇ 5 ಪರ್ಸೆಂಟ್ ಹಾಕಿದ್ರೆ ಕೇಳಿ, ಮೆಟ್ರೋಗೆ ಕೋಟಿ ಕೋಟಿ ಸುರಿದಿದ್ದು ಯಾಕೆ ಹಾಗಾದ್ರೆ ಅಂತ. ಇದಕ್ಕೆ ಉತ್ರ ಕೊಡೋಕೆ ಎಂಜಿನಿಯರ್‌ಗಳಿಗೂ ಕಷ್ಟ, ಪಾಪ.

ಇನ್ನೊಂದು ಪುಟ ತಿರುವುಗಳದ್ದು. ನಾಲ್ಕು ರಸ್ತೆ ಸೇರೋ ಕಡೆ ಹನ್ನೆರಡು ಚಲನೆ ಇರತ್ತೆ, ಎಡ, ನೇರ, ಬಲ, ನಾಲ್ಕು ಕಡೆಯಿಂದ. ಮಾಮೂಲಿ ಫ್ಲೈಓವರ್ ಎತ್ಕೊಳ್ಳೋದು ಅದ್ರಲ್ಲಿ ಎರಡನ್ನ ಮಾತ್ರ, ಒಂದು ರಸ್ತೆಯ ನೇರ ಹೋಗೋದು, ನೇರ ಬರೋದು. ಮಿಕ್ಕ ಹತ್ತೂ ಕೆಳಗೇ ಒದ್ದಾಡ್ಬೇಕು, ಅದೂ ಕಂಬ ನುಂಗಿದ ಮೇಲೆ ಉಳಿದ ಜಾಗದಲ್ಲಿ. ನಿಮ್ಮ ಜಂಕ್ಷನ್‌ನಲ್ಲಿ ಬಲಕ್ಕೆ ತಿರುಗೋವ್ರೇ ಜಾಸ್ತಿ ಇದ್ರೆ ಆ ಫ್ಲೈಓವರ್ ಪಕ್ಕದೂರಿನವ್ರಿಗೆ, ನಿಮಗಲ್ಲ. ಮೇಲೆ ಹೋದವ್ರೂ ಇಳಿದು ನಿಲ್ಲೋದು ಮುಂದಿನ ಸಿಗ್ನಲ್‌ನಲ್ಲೇ ತಾನೆ, ಆ ಸಿಗ್ನಲ್‌ನ ಲೆಕ್ಕ ಡಿಪಿಆರ್‌ನಲ್ಲಿ ಇದ್ಯಾ ನೋಡಿ. ಹೊಸೂರು ರೋಡ್ ಎಲಿವೇಟೆಡ್ 2010ರಲ್ಲಿ ಓಪನ್ ಆಯ್ತು, ಎಲೆಕ್ಟ್ರಾನಿಕ್ ಸಿಟಿಯಿಂದ ಜುಮ್ ಅಂತ ಬಂದು ಸಿಲ್ಕ್ ಬೋರ್ಡ್‌ನಲ್ಲಿ ನಿಂತಿದ್ದು ಎಷ್ಟು ವರ್ಷ ಅಂತ ಆ ಕಡೆ ಕೆಲ್ಸಕ್ಕೆ ಹೋಗ್ತಿದ್ದವ್ರನ್ನ ಕೇಳಿ. ಅಂದ್ರೆ ಎಲ್ಲಾ ಫ್ಲೈಓವರ್ರೂ ವೇಸ್ಟ್ ಅಂತ ನಾನು ಹೇಳ್ತಿಲ್ಲ, ಹೆಬ್ಬಾಳದಂಥ ಕಡೆ ಸಿಗ್ನಲ್ ಹಾಕಿ ಸಂಭಾಳಿಸ್ತೀವಿ ಅಂತ ಯಾರಾದ್ರೂ ಅಂದ್ರೆ ನಗು ಬರತ್ತೆ.

ಇಷ್ಟು ಕೈಗೆ ಬಂದ್ಮೇಲೆ ರಾಜಕಾರಣಿ ಹತ್ರ ಹೋಗಿ, ಇಬ್ರ ಹತ್ರನೂ. ಆಡಳಿತ ಪಕ್ಷದವ್ರ ಹತ್ರ ವಿರೋಧಿ ಥರ ಹೋದ್ರೆ ನಿಮ್ಮನ್ನ ಆ ಪಾರ್ಟಿಯವ್ರು ಅಂತ ಬರ್ಕೊಂಡು ಕೂರ್ತಾರೆ, ಮುಗೀತು ಕಥೆ. ಎರಡು ಪ್ರಶ್ನೆ ಬರ್ಕೊಂಡು ಹೋಗಿ, ಸ್ವೀಕೃತಿ ಸೀಲ್ ಹಾಕ್ಸಿ, ಫೋಟೋ ತೆಗ್ಸೋಕೆ ನಿಲ್ಲಿ ಅಂದ್ರೆ ನಿಂತ್ಕೊಳ್ಳಿ ತೊಂದ್ರೆ ಇಲ್ಲ. ವಿರೋಧ ಪಕ್ಷದ ಶಾಸಕರೋ ಎಂಎಲ್‌ಸಿಯೋ ಸಿಕ್ರೆ ಪ್ರತಿಭಟನೆಗೆ ಬನ್ನಿ ಅಂತ ಕರೆಯೋಕೆ ಮುಂಚೆ ಒಂದು ಕೆಲ್ಸ ಹೇಳಿ, ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ, ಅಂದ್ರೆ ಸಚಿವರು ಸದನದಲ್ಲೇ ಉತ್ರ ಕೊಡೋ ಪ್ರಶ್ನೆ, ಹಾಕ್ಸಿ. ಮೈಕ್ ಮುಂದೆ ಆಡಿದ ಮಾತು ನಾಳೆಗೆ ಗಾಳಿಗೆ ಹೋಗತ್ತೆ, ಸದನದಲ್ಲಿ ಸಚಿವರು ಕೊಟ್ಟ ಉತ್ರ ದಾಖಲೆ, ಪ್ರಶ್ನೆ ಕೇಳಿದ ವಿರೋಧ ಪಕ್ಷದವ್ರೇ ನಾಳೆ ಅಧಿಕಾರಕ್ಕೆ ಬಂದು ಇದೇ ಫ್ಲೈಓವರ್ ಕಟ್ಟೋಕೆ ಹೊರಟ್ರೆ ಅದನ್ನ ತೆಗೆದು ತೋರಿಸ್ಬೋದು. ಹೊರಡ್ತಾರೆ ಕೂಡ. 2017ರಲ್ಲಿ ಸತ್ತ ಸ್ಟೀಲ್ ಫ್ಲೈಓವರ್‌ಗೆ 2018ರಲ್ಲಿ ಬಂದ ಸಮ್ಮಿಶ್ರ ಸರ್ಕಾರ ಮತ್ತೆ ಜೀವ ಕೊಡೋಕೆ ನೋಡ್ಲಿಲ್ವಾ.

ಜಂಕ್ಷನ್ ಅಂಗಡಿಯವ್ರನ್ನ ಮರೀಬೇಡಿ, ಅವ್ರೇ ನಿಜವಾದ ಬಲ, ಆದ್ರೆ ಅವ್ರ ಕಾಳಜಿ ಜಾಗದ್ದು, ನಿಮ್ಮದು ಟ್ರಾಫಿಕ್ಕು, ಎರಡನ್ನೂ ಕಲಸ್ಬೇಡಿ. 2013ರ ಭೂಸ್ವಾಧೀನ ಕಾಯ್ದೆ ಅಡಿ ಜಾಗ ಹೋಗೋವ್ರಿಗೆ ಪ್ರಾಥಮಿಕ ಅಧಿಸೂಚನೆ ಆದ್ಮೇಲೆ 60 ದಿನ ಆಕ್ಷೇಪಣೆಗೆ ಟೈಮಿದೆ. ಮರ 50ಕ್ಕಿಂತ ಜಾಸ್ತಿ ಕಡಿಯೋದಾದ್ರೆ ಮರ ಅಧಿಕಾರಿ ಸಾರ್ವಜನಿಕ ನೋಟಿಸ್ ಕೊಟ್ಟು ಆಕ್ಷೇಪಣೆ ಕೇಳ್ಲೇಬೇಕು, ಪೇಪರ್‌ನ ಮೂಲೇಲಿ ಸಣ್ಣಕ್ಷರದಲ್ಲಿ ಬರೋ ಆ ನೋಟಿಸ್ ಮೇಲೆ ಕಣ್ಣಿಟ್ಟಿರಿ.

ಅಷ್ಟೆಲ್ಲಾ ಆಗಿನೂ ವರ್ಕ್ ಆರ್ಡರ್ ಆಗೋಯ್ತು ಅಂದ್ರೆ ಕೂಗಾಡೋದು ಬಿಟ್ಟು ಡ್ರಾಯಿಂಗ್ ಹಿಡ್ಕೊಳ್ಳಿ. ಜನ ರಸ್ತೆ ದಾಟೋದು ಎಲ್ಲಿ, ಬಸ್ ಸ್ಟಾಪ್ ಎಲ್ಲಿಗೆ ಹೋಗತ್ತೆ, ಸರ್ವಿಸ್ ರೋಡ್ ಅಗಲ ಎಷ್ಟು, ಮಳೆ ನೀರು ಯಾವ ಕಾಲುವೆಗೆ. ಪಂಪ್‌ವೆಲ್‌ನಲ್ಲಿ ಹತ್ತು ವರ್ಷ ಕಾದು, ಆಗಿನ ಸಂಸದ ನಳಿನ್ ಕುಮಾರ್ ಕಟೀಲ್ ಅವ್ರು ಕೊಟ್ಟ ಡೆಡ್‌ಲೈನ್‌ಗಳ ಮೇಲೆ ಕರಾವಳಿಯವ್ರೆಲ್ಲ ಮೀಮ್ ಮಾಡಿ ಸುಸ್ತಾಗಿ, 2020ರ ಜನವರಿ 31ಕ್ಕೆ ಅಂತೂ ಓಪನ್ ಆಯ್ತು, ಮಳೆಗಾಲ ಬಂದಾಗ ಕೆಳಗೆ ನೀರು ನಿಂತ್ಕೊಳ್ತು. ಸ್ಲ್ಯಾಬ್ ಬೀಳೋಕೆ ಮುಂಚೆ ಚರಂಡಿ ಲೆವೆಲ್ ತೋರಿಸಿ ಅಂತ ಸೈಟ್ ಎಂಜಿನಿಯರ್‌ನ ಕೇಳಿ, ಬೆಳಿಗ್ಗೆ ಹತ್ತರೊಳಗೆ ಹೋದ್ರೆ ಸಿಗ್ತಾರೆ.