ಗೊರಬಿನ ಕೆಳಗೆ ಕ್ಯಾಮೆರಾ

ಜುಲೈ ತಿಂಗಳಲ್ಲಿ ಆಗುಂಬೆ ಹತ್ತಿರ ಫೋಟೋ ತೆಗೀತೀನಿ ಅಂದಾಗ ಶಿವಮೊಗ್ಗದ ಗೆಳೆಯರು ನಕ್ಕಿದ್ದರು. ದೀಪಾವಳಿವರೆಗೆ ಕ್ಯಾಮೆರಾ ಬೀರು ಒಳಗಿರಬೇಕು ಅನ್ನೋದು ಅವರ ಲೆಕ್ಕ. ಹೋದ ಮಳೆಗಾಲದ ಫೋಟೋಗಳಲ್ಲಿ ಸುಮಾರು 18 ಪ್ರಿಂಟ್ ಮಾರಾಟ ಆದವು, ಹೆಚ್ಚಿನವು ಹೋಂಸ್ಟೇಗಳಿಗೆ. ಹಾಗಾಗಿ ಸ್ವಲ್ಪ ಜಂಬ ಕೊಚ್ಚಿಕೊಳ್ಳೋಕೆ ಹಕ್ಕಿದೆ ಅಂದುಕೊಂಡಿದ್ದೇನೆ.

ಮೊದಲು ಕಳೆದುಕೊಂಡ ದುಡ್ಡಿನ ಕತೆ. ನಾನು ದಾವಣಗೆರೆ ಕಡೆಯವನು. ನಮ್ಮಲ್ಲಿ ಲೆನ್ಸ್ ಎಲ್ಲಿಟ್ಟರೂ ಧೂಳು ಕೂರುತ್ತೆ, ಅಷ್ಟೇ. ತೀರ್ಥಹಳ್ಳಿಗೆ ಬಂದ ಮೊದಲ ವರ್ಷ ದೂರದ್ದನ್ನು ಹತ್ತಿರ ತೋರಿಸುವ 70-200 ಲೆನ್ಸನ್ನು ಬ್ಯಾಗಲ್ಲೇ ಬಿಟ್ಟಿದ್ದೆ. ದಸರಾ ಹೊತ್ತಿಗೆ ಟಾರ್ಚ್ ಹಿಡಿದು ನೋಡಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆ ಥರ ಬೂಷ್ಟು. ಕ್ಲೀನ್ ಮಾಡಿಸಲು 4,500 ಹೋಯಿತು. ಎರಡೇ ವರ್ಷಕ್ಕೆ ಮತ್ತೆ ಬಂತು, ಈ ಸಲ ಗಾಜಿನ ಮೇಲಿನ ಕೋಟಿಂಗನ್ನೇ ತಿಂದಿತ್ತು. ಕೊಂಡ ಬೆಲೆಯ ಮೂರನೇ ಒಂದು ಭಾಗಕ್ಕೆ ಮಾರಿ ಕೈತೊಳೆದುಕೊಂಡೆ.

ಆಮೇಲೆ ಅಕ್ಕಿ ಡಬ್ಬಿಯಲ್ಲಿಟ್ಟು ನೋಡಿದೆ. ಅಕ್ಕಿಯ ಹುಡಿ ಜೂಮ್ ರಿಂಗಿಗೆ ಸೇರಿ ಕರಕರ ಅನ್ನತೊಡಗಿತು. ಬೀರುವಿನಲ್ಲಿ ಜೀರೋ ಬಲ್ಬ್ ಉರಿಸಿದೆ. ಒಳ್ಳೇ ಉಪಾಯವೇ, ಆದರೆ ನಮ್ಮೂರಲ್ಲಿ ಮಳೆ ಹಿಡಿದರೆ ಮೂರು ದಿನ ಕರೆಂಟ್ ಇರಲ್ಲ. ಕೊನೆಗೆ ಕೈ ಹಿಡಿದದ್ದು ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿ, ತೇವ ಹೀರುವ ನೀಲಿ ಕಾಳಿನ ಸಿಲಿಕಾ ಜೆಲ್ ಅರ್ಧ ಕೆಜಿ, ಇನ್ನೂರೈವತ್ತರ ಒಂದು ತೇವಾಂಶ ಮೀಟರ್. ಹೊರಗೆ ತೇವಾಂಶ ಶೇ. 95 ಇದ್ದಾಗಲೂ ಒಳಗೆ 45ರ ಆಸುಪಾಸು ನಿಲ್ಲುತ್ತೆ. ನೀಲಿ ಕಾಳು ಗುಲಾಬಿಗೆ ತಿರುಗಿದರೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕು. ಅವಸರ ಮಾಡಿದರೆ ಕಾಳು ಪಟಪಟ ಸಿಡಿದು ಕಪ್ಪಾಗುತ್ತೆ, ಮತ್ತೆ ನೀಲಿ ಬರಲ್ಲ. ಆ ಬಾಣಲೆಯನ್ನು ಅಡುಗೆಗೆ ಮಾತ್ರ ವಾಪಸ್ ಕೊಡಬೇಡಿ. ಹೊಸ ಬಾಣಲೆ ತಂದು ಕೊಡುವವರೆಗೂ ನಮ್ಮನೆಯಲ್ಲಿ ದೋಸೆ ಇರಲಿಲ್ಲ.

ಇನ್ನು ಹೊರಗಿನ ಮಳೆ. ಅಂಗಡಿಯ ರೇನ್ ಕವರ್ ಒಳಗೇ ಬೆವರಿತು. ಕೊಡೆ ಹಿಡಿದರೆ ಒಂದು ಕೈ ಹೋಯಿತು, ಗಾಳಿ ಬಂದರೆ ಕೊಡೆಯೂ ಹೋಯಿತು. ಹೀಗಿರುವಾಗ ಒಂದಿನ ಗದ್ದೆ ಬದುವಿನಲ್ಲಿ ನೆನೆಯುತ್ತಾ ನಿಂತಿದ್ದೆ. ನಾಟಿ ಮಾಡುತ್ತಿದ್ದ ಅಮ್ಮ ಒಬ್ಬರು ಸೊಂಟ ನೆಟ್ಟಗೆ ಮಾಡಿ, "ಎಂಥ ಮಾರಾಯ್ರೆ, ಆ ಮಿಷನ್ನಿಗೆ ಪ್ಲಾಸ್ಟಿಕ್ ಸುತ್ತಿ ನೀವು ನೆನೀತೀರಲ್ಲ, ಗೊರಬು ಹಾಕ್ಕೊಳಿ" ಅಂದರು.

ಗೊರಬು ಅಂದರೆ ಮಲೆನಾಡಲ್ಲಿ ಮಳೆಗೆ ತಲೆ, ಬೆನ್ನಿನ ಮೇಲೆ ಹಾಕಿಕೊಳ್ಳುವ ಬಿದಿರಿನ ಹೊದಿಕೆ. ಆಗ ಹೊಳೆಯಿತು. ನಾಟಿ ಮಾಡುವವರು ಬಗ್ಗಿ ನಿಲ್ಲುತ್ತಾರೆ. ಗಿಡ್ಡ ಟ್ರೈಪಾಡ್ ಮುಂದೆ ನಾನೂ ಹಾಗೇ ಅಲ್ವಾ! ತಲೆಯಿಂದ ಸೊಂಟದವರೆಗೆ ಗೊರಬು, ಎದೆಯ ಕೆಳಗೆ ಕ್ಯಾಮೆರಾ, ಎರಡೂ ಕೈ ಖಾಲಿ. ಬಿದಿರಿನ ಹಂದರದ ನಡುವೆ ಗಾಳಿಯಾಡುತ್ತೆ, ಬೆವರೂ ಇಲ್ಲ. ಆರುನೂರಕ್ಕೆ ಹಳೆಯದೊಂದು ಸಿಕ್ಕಿತು. ಒಂದೇ ತೊಂದರೆ, ಮಳೆ ಪಡುವಣದಿಂದ ಬರುತ್ತೆ, ಬೆನ್ನು ಯಾವಾಗಲೂ ಆ ಕಡೆಗೇ ಇರಬೇಕು. ಅಂದರೆ ನನ್ನ ಮಳೆ ಫೋಟೋಗಳೆಲ್ಲ ಮೂಡಣಕ್ಕೆ ಮುಖ ಮಾಡಿದವು. ಆಗುಂಬೆ ಸೂರ್ಯಾಸ್ತದ ಕಟ್ಟೆಗೂ ನನಗೂ ಸಂಬಂಧ ತಪ್ಪಿತು. ಮಳೆಗಾಲದಲ್ಲಿ ಅಲ್ಲಿ ಕಾಣೋದಾದರೂ ಏನು, ಬರೀ ಬಿಳಿ ಗೋಡೆ.

ಈಗ ಇರೋದು ಒಂದು ಹಳೇ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ, ಸೆಕೆಂಡ್ ಹ್ಯಾಂಡ್ 40 ಸಾವಿರ ಚಿಲ್ಲರೆ, ಮತ್ತು ಒಂದು 50 ಎಂಎಂ ಲೆನ್ಸ್. ಹಿಂದೆ ಅಡಿಕೆ ತೋಟದ ಕಪ್ಪು ಇದ್ದರೆ ಮಳೆ ಕಾಣುತ್ತೆ, ಬಿಳಿ ಆಕಾಶ ಇದ್ದರೆ ಮಾಯ. ಶಟರ್ ತೆರೆದಿರುವ ಹೊತ್ತು ಸೆಕೆಂಡಿನ 30ನೇ ಒಂದು ಭಾಗದ ಆಚೀಚೆ ಇದ್ದರೆ ಹನಿ ದಾರವಾಗುತ್ತೆ. 500ನೇ ಒಂದು ಭಾಗಕ್ಕೆ ಹೋದರೆ ಪ್ರಿಂಟ್ ಮೇಲೆ ಉಪ್ಪು ಚೆಲ್ಲಿದ ಹಾಗೆ. ಲೆನ್ಸ್ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಎರಡು ಸ್ಟಾಪ್, ಅಂದರೆ ಮುಕ್ಕಾಲು ಪಾಲು, ಬೆಳಕು ನುಂಗಿದರೂ ಒದ್ದೆ ಎಲೆಯ ಬಿಳಿ ಹೊಳಪು ತೆಗೆದು ಹಸಿರು ವಾಪಸ್ ಕೊಡುತ್ತೆ. ಮುಂದಿನ ಗಾಜಿನ ಮೇಲೆ ಹನಿ ನಿಲ್ಲದ ಹಾಗೆ ಏನು ಮಾಡ್ತೀನಿ ಅಂತ ಸುಮಾರು ಜನ ಕೇಳಿದ್ದಾರೆ. ಅದನ್ನು ಇಲ್ಲಿ ಬರೆಯಲ್ಲ.

ಕುಂದಾದ್ರಿ, ಕವಲೇದುರ್ಗ, ಜೋಗ ಅಂತ ಸುತ್ತುವುದನ್ನು ಬಿಟ್ಟು ನಾಲ್ಕು ಮಳೆಗಾಲ ಆಯಿತು. ಒಂದೇ ಗದ್ದೆ ಬಯಲು, ವಾರಕ್ಕೆ ಮೂರು ಬೆಳಗು. ಮೊದಲ ವರ್ಷ ಅಲ್ಲಿನವರು ನನ್ನನ್ನು "ಬಯಲುಸೀಮೆ ಫೋಟೋದವರು" ಅಂತಿದ್ದರು. ಈಗ ಬೆಳಿಗ್ಗೆ ಐದೂವರೆಗೆ ಫೋನ್ ಬರುತ್ತೆ: "ತೋಟದ ಮೇಲೆ ಮಂಜು ಕೂತಿದೆ, ಬೇಗ ಬನ್ನಿ." ಹೋದರೆ ಮೊದಲು ಕಾಫಿ, ಆಮೇಲೆ ಕಾಲಿಗೆ ಉಂಬಳ (ಜಿಗಣೆ) ಹತ್ತದ ಹಾಗೆ ಸುಣ್ಣ, ಹೊಗೆಸೊಪ್ಪು. ಹೋದ ವರ್ಷ ಆಳು ಸಾಲದೆ ನನ್ನನ್ನೂ ಅರ್ಧ ದಿನ ನಾಟಿಗೆ ಇಳಿಸಿದರು. ಆ ದಿನ ಒಂದೂ ಫೋಟೋ ಇಲ್ಲ. ನಾನು ನೆಟ್ಟ ಸಾಲು ಎಷ್ಟು ಸೊಟ್ಟ ಅಂತ ಕೊಯ್ಲಿನವರೆಗೂ ತೋರಿಸಿ ನಗುತ್ತಿದ್ದರು.

ಹಳೇ ಗೊರಬು ಈ ಸಲ ಹರಿದಿದೆ. ಹೊಸದಕ್ಕೆ ಹೇಳಿದ್ದೇನೆ, ಮುಂದೆ ಒಂದು ಗೇಣು ಉದ್ದ ಇರಲಿ ಅಂತ. ಹೆಣೆಯುವ ಅಜ್ಜ ನನ್ನ ತಲೆ ನೋಡಿದರು, ಕ್ಯಾಮೆರಾ ನೋಡಿದರು. "ಅಳತೆ ಯಾರದ್ದು ತಗೊಳ್ಳಲಿ?" ಅಂದರು.