‘ಸೆಟ್’ ಅನ್ನು ಕನ್ನಡದಲ್ಲಿ ಕೂರಿಸುವ ಬಗೆ

ಕೈಪಿಡಿ, ಆ್ಯಪ್, ಕೃಷಿ ಕರಪತ್ರ, ಕೋರ್ಟಿನ ಆದೇಶ, ಯಾವುದನ್ನು ಕನ್ನಡಕ್ಕೆ ತರಲು ಕೂತರೂ ಮೊದಲೆರಡು ಪುಟಗಳಲ್ಲೇ ಇಂಗ್ಲಿಷಿನ ‘ಸೆಟ್’ (set) ಎದುರಾಗುತ್ತದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ಈ ಕ್ರಿಯಾಪದದ್ದೇ. ಅರ್ಥಗಳು 430ರಷ್ಟು, ವಿವರಣೆಗೆ ಹಿಡಿದದ್ದು ಸುಮಾರು 60,000 ಪದ. ಹಾಗಾಗಿ ನಿಘಂಟನ್ನು ನಾನು ಕೊನೆಗೆ ತೆರೆಯುತ್ತೇನೆ.

ಮೊದಲ ಕೆಲಸ, ಕಡತದಲ್ಲಿರುವ ಎಲ್ಲ ‘ಸೆಟ್’ಗಳನ್ನೂ ಹುಡುಕಿ, ಪೂರ್ತಿ ವಾಕ್ಯ ಮತ್ತು ಅದರ ಹಿಂದಿನ ವಾಕ್ಯದ ಸಮೇತ ಒಂದು ಹಾಳೆಗೆ ಇಳಿಸಿಕೊಳ್ಳುವುದು. ಹುಡುಕುವಾಗ ‘ಪೂರ್ಣ ಪದ ಮಾತ್ರ’ ಆಯ್ಕೆ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಅಸೆಟ್, ರೀಸೆಟ್, ಸೆಟಲ್‌ಮೆಂಟ್ ಎಲ್ಲ ಬಂದು ತುಂಬಿಕೊಳ್ಳುತ್ತವೆ. ದೊಡ್ಡಕ್ಷರ, ಸಣ್ಣಕ್ಷರದ ಭೇದವನ್ನೂ ಗಮನಿಸಿ. ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆ ‘ಕೆ-ಸೆಟ್’ನ ಸೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ.

ಆಮೇಲೆ ಹಾಳೆಯನ್ನು ಎರಡು ಮಾಡುತ್ತೇನೆ, ಯಾಕೆಂದರೆ ಇವು ಒಂದೇ ವೇಷ ಹಾಕಿದ ಎರಡು ಪದಗಳು. ‘ಗುಂಪು, ಜೊತೆ’ ಎಂಬ ಅರ್ಥದ ನಾಮಪದ ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಫ್ರೆಂಚ್ ಹಾದು ಬಂದದ್ದು. ಅದು ಗಣಿತದಲ್ಲಿ ‘ಗಣ’, ಪಾತ್ರೆಗಳಾದರೆ ‘ಜೊತೆ’, ಸೂಚನೆಗಳಾದರೆ ಬರೀ ಬಹುವಚನ ಸಾಕು. ಕ್ರಿಯಾಪದದ ಮೂಲ ಹಳೆಯ ಇಂಗ್ಲಿಷಿನ ‘ಸೆಟ್ಟನ್’. ಅದು ‘ಸಿಟ್’ನ ಪ್ರೇರಣಾರ್ಥಕ ರೂಪ, ಅಂದರೆ ನಮ್ಮ ‘ಕೂರು, ಕೂರಿಸು’ ಜೋಡಿಯೇ. ಈ ಒಂದು ಸಂಗತಿ ಅರ್ಧ ಕೆಲಸ ಮುಗಿಸುತ್ತದೆ. ಉಂಗುರಕ್ಕೆ ಹರಳು ಕೂರಿಸುತ್ತೇವೆ, ಜಾರಿದ ಮೂಳೆ ಕೂರಿಸುತ್ತೇವೆ. ಹಾಗಾಗಿ ಪ್ರತಿ ವಾಕ್ಯಕ್ಕೂ ಮೊದಲು ‘ಕೂರಿಸು’ ಹಾಕಿ ನೋಡುತ್ತೇನೆ. ಒಗ್ಗದಿದ್ದರೆ ಕರ್ಮಪದ ಏನು ಅಂತ ನೋಡುತ್ತೇನೆ. ಕನ್ನಡದಲ್ಲಿ ಕ್ರಿಯೆಯನ್ನು ಆರಿಸುವುದು ಅದೇ: ಬಲೆಯನ್ನು ಒಡ್ಡುತ್ತಾರೆ, ಬೋನು ಇಡುತ್ತಾರೆ, ಮದುವೆಗೆ ದಿನ ಗೊತ್ತುಮಾಡುತ್ತಾರೆ, ಪ್ರಶ್ನೆಪತ್ರಿಕೆ ತೆಗೆಯುತ್ತಾರೆ, ಊಟಕ್ಕೆ ಎಲೆ ಹಾಕುತ್ತಾರೆ.

ಕರ್ಮವೇ ಇಲ್ಲದೆ ತಾನಾಗಿ ‘ಸೆಟ್’ ಆಗುವ ವಸ್ತುಗಳಲ್ಲಿ ಎಚ್ಚರ ಹೆಚ್ಚು ಬೇಕು. ಸೂರ್ಯ ಮುಳುಗುತ್ತಾನೆ, ಮೊಸರು ಹೆಪ್ಪುಗಟ್ಟುತ್ತದೆ, ಇವು ಸುಲಭ. ಸಿಮೆಂಟು ಹಾಗಲ್ಲ. ಅಲ್ಲಿ ‘ಸೆಟ್ಟಿಂಗ್’ ಬೇರೆ, ‘ಹಾರ್ಡನಿಂಗ್’ ಬೇರೆ. ಕಲಸಿದ ಸಿಮೆಂಟು ಮೆದುತನ ಕಳೆದುಕೊಂಡು ಆಕಾರ ಹಿಡಿಯುವುದು ಸೆಟ್ಟಿಂಗ್. ಅದನ್ನು ವಿಕಾಟ್ ಉಪಕರಣದ ಸೂಜಿ ಇಳಿಸಿ ಅಳೆಯುತ್ತಾರೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಭಾರತೀಯ ಮಾನಕದ ಪ್ರಕಾರ ಮೊದಲ ಹಂತಕ್ಕೆ ಕನಿಷ್ಠ 30 ನಿಮಿಷ ಹಿಡಿಯಬೇಕು, ಕೊನೆಯ ಹಂತ 600 ನಿಮಿಷ ಮೀರಬಾರದು. ಹಾರ್ಡನಿಂಗ್, ಅಂದರೆ ಬಲ ಬರುವುದು, ಆಮೇಲೆ, ದಿನಗಟ್ಟಲೆ. ಕನಿಷ್ಠ 7 ದಿನ ನೀರುಣಿಸಬೇಕು. ಎರಡಕ್ಕೂ ‘ಗಟ್ಟಿಯಾಗುವುದು’ ಅಂತ ಬರೆದರೆ ಹತ್ತು ಗಂಟೆಯೊಳಗೆ ಗಟ್ಟಿಯಾಯಿತು ಎಂದು ಓದಿದವನು ಸೆಂಟ್ರಿಂಗ್ (ಕಾಂಕ್ರೀಟಿಗೆ ಕೊಟ್ಟ ಆಸರೆ) ಬಿಚ್ಚಲು ಹೊರಟಾನು. ಗಾರೆಯವರ ಬಾಯಲ್ಲಿ ಆಗಲೇ ‘ಸೆಟ್ ಆಗೋದು’ ಇದೆ. ಅದನ್ನೇ ಇಟ್ಟುಕೊಂಡು, ಎರಡನೆಯದಕ್ಕೆ ಮಾತ್ರ ‘ಗಟ್ಟಿಯಾಗುವುದು’ ಬಳಸುತ್ತೇನೆ. ಇಲ್ಲಿ ಅಚ್ಚಗನ್ನಡದ ಹಟಕ್ಕಿಂತ ಎರವಲು ಪದವೇ ನಿಖರ.

ಕೃಷಿಯಲ್ಲಿ ಇದಕ್ಕೆ ತದ್ವಿರುದ್ಧ. ‘ಫ್ರೂಟ್ ಸೆಟ್’ ಎಂಬುದಕ್ಕೆ ‘ಹಣ್ಣುಗಳ ಗುಂಪು’ ಎಂಬ ಅನುವಾದ ಕರಪತ್ರಗಳಲ್ಲಿ ನುಸುಳಿಬಿಡುತ್ತದೆ. ಹೂವು ಪರಾಗಸ್ಪರ್ಶವಾಗಿ ಕಾಯಾಗಲು ತೊಡಗುವ ಹಂತ ಅದು. ರೈತರ ಮಾತು ‘ಕಾಯಿ ಕಚ್ಚುವುದು’. ಇದಕ್ಕಿಂತ ಒಳ್ಳೆಯ ಪದ ಇಂಗ್ಲಿಷಿನಲ್ಲೂ ಇಲ್ಲ. ಕಬ್ಬಿನ ಪುಟಗಳಲ್ಲಿ ಕೊನೆಗೆ ಎರಡು ‘ಟಿ’ ಇರುವ ‘ಸೆಟ್’ ಬರುತ್ತದೆ. ಮುದ್ರಣದೋಷ ಅಂದುಕೊಂಡು ತಿದ್ದಬೇಡಿ. ಅದು ನಾಟಿಗೆ ಕತ್ತರಿಸಿದ ಕಬ್ಬಿನ ತುಂಡು. ಮೂರು ಮೊಗ್ಗಿರುವ ತುಂಡಾದರೆ ‘ಮೂರು ಕಣ್ಣಿನ ತುಂಡು’ ಅಂತ ಬರೆದರೆ ಮಂಡ್ಯದಲ್ಲೂ ಬೆಳಗಾವಿಯಲ್ಲೂ ಅರ್ಥವಾಗುತ್ತದೆ.

ಮುಂದಿನದು ಬಾಲ ಹಚ್ಚಿಕೊಂಡ ಸೆಟ್‌ಗಳು. ‘ಸೆಟ್ ಅಸೈಡ್’ ಒಂದನ್ನೇ ನೋಡಿ. ಅಡುಗೆಯಲ್ಲಿ ಹುರಿದ ರವೆಯನ್ನು ಪಕ್ಕಕ್ಕಿಡಿ. ಬಜೆಟ್ಟಿನಲ್ಲಿ ಹಣ ಮೀಸಲಿಡಿ. ಕೋರ್ಟಿನಲ್ಲಿ ಮಾತ್ರ ಅದು ‘ರದ್ದುಪಡಿಸು’. ಕೆಳ ನ್ಯಾಯಾಲಯದ ಆದೇಶವನ್ನು ಮೇಲಿನ ನ್ಯಾಯಾಲಯ ‘ಪಕ್ಕಕ್ಕಿಟ್ಟಿತು’ ಅಂತ ಬರೆದರೆ, ಆಮೇಲೆ ಮತ್ತೆ ಎತ್ತಿಕೊಳ್ಳಲು ಇಟ್ಟಿದ್ದಾರೆ ಎಂದು ಕಕ್ಷಿದಾರ ತಿಳಿಯುತ್ತಾನೆ. ಆದರೆ ಆದೇಶ ಆಗಲೇ ಬಿದ್ದುಹೋಗಿರುತ್ತದೆ. ‘ಸೆಟ್ ಆಫ್’ ಪ್ರಯಾಣಕ್ಕಾದರೆ ಹೊರಡುವುದು, ಪಟಾಕಿಗಾದರೆ ಹಚ್ಚುವುದು, ಲೆಕ್ಕದಲ್ಲಿ ಬಾಕಿಗೆ ಮುರಿದುಕೊಳ್ಳುವುದು.

ಆ್ಯಪ್‌ಗಳದ್ದು ಬೇರೆಯೇ ಕಷ್ಟ. ಅಲ್ಲಿ ‘ಸೆಟ್’ ಒಂದೇ ಪದವಾಗಿ, ಹಿಂದೆ ಮುಂದೆ ಏನೂ ಇಲ್ಲದೆ ಸಿಗುತ್ತದೆ. ಬಟನ್ನಿನ ಮೇಲಿದ್ದರೆ ‘ಹೊಂದಿಸಿ’, ಸ್ಥಿತಿ ತೋರಿಸುತ್ತಿದ್ದರೆ ‘ಹೊಂದಿಸಲಾಗಿದೆ’, ಟೆನಿಸ್ ಅಂಕಪಟ್ಟಿಯಲ್ಲಿದ್ದರೆ ‘ಸೆಟ್’. ಇಂಗ್ಲಿಷಿನಲ್ಲಿ ವರ್ತಮಾನ, ಭೂತ, ಭೂತಕೃದಂತ ಮೂರಕ್ಕೂ ರೂಪ ಒಂದೇ ಆದ್ದರಿಂದ ಪದ ನೋಡಿ ಹೇಳಲು ಬರುವುದಿಲ್ಲ. ಪರದೆಯ ಚಿತ್ರ ಕೇಳಿ ತರಿಸಿಕೊಳ್ಳುತ್ತೇನೆ. ಅದು ಸಿಗದಿದ್ದರೆ ಆ ಸಾಲಿಗೆ ಆ್ಯಪ್ ಮಾಡಿದವರು ಕೊಟ್ಟ ಗುರುತಿನ ಹೆಸರನ್ನು ನೋಡುತ್ತೇನೆ. ಅದರಲ್ಲಿ ‘ಬಟನ್’ ಅಥವಾ ‘ಸ್ಟೇಟಸ್’ ಅಂತಿದ್ದರೆ ಅಷ್ಟೇ ಸುಳಿವು ಸಾಕು. ಹಿಂದಿನ ಅನುವಾದಗಳನ್ನು ನೆನಪಿಟ್ಟು ಮತ್ತೆ ತಾನಾಗಿ ತುಂಬುವ ತಂತ್ರಾಂಶದ (‘ಅನುವಾದ ಸ್ಮೃತಿ’) ಸ್ವಯಂಭರ್ತಿಯನ್ನು ಒಂದೇ ಪದದ ಸಾಲುಗಳಿಗೆ ನಿಲ್ಲಿಸಿಬಿಡಿ. ಒಮ್ಮೆ ‘ಹೊಂದಿಸಿ’ ಒಪ್ಪಿದರೆ ಅದು ನೂರು ಪ್ರತಿಶತ ಹೊಂದಿಕೆ ಎಂದು ಟೆನಿಸ್ ಅಂಕಣದಲ್ಲೂ ‘ಹೊಂದಿಸಿ 2’ ಕೂರಿಸುತ್ತದೆ. ‘ಸೆಟ್ಟಿಂಗ್‌ಗಳು’ ಮಾತ್ರ ಫೋನುಗಳಲ್ಲಿ ನೆಲೆಯೂರಿದೆ, ಕೀಳಲು ಹೋಗುವುದು ವ್ಯರ್ಥ.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗಲೂ ಈ ಪದ ಕಾಲಿಗೆ ತೊಡರುತ್ತದೆ. ‘ಸಿನಿಮಾ ಸೆಟ್ಟೇರಿತು’ ಅಂದರೆ ಚಿತ್ರೀಕರಣ ಶುರುವಾಯಿತು. ಏರುವ ಮಾತು ಇಂಗ್ಲಿಷಿಗೆ ಬೇಡ. ‘ನಂಗೆ ಇದು ಸೆಟ್ ಆಗಲ್ಲ’ ಅಂದರೆ ಒಗ್ಗುವುದಿಲ್ಲ. ಇಂಗ್ಲಿಷಿನಲ್ಲಿ ಆ ಅರ್ಥಕ್ಕೆ ಬೇಕಾದದ್ದು ‘ಸೂಟ್’. ಪಂಪ್‌ಸೆಟ್ ಮೋಟರು, ಪಂಪು ಎರಡೂ ಸೇರಿದ ಜೋಡಿ, ಹಾಗಾಗಿ ಸುಟ್ಟುಹೋಗಿರುವುದು ಮೋಟರು ಮಾತ್ರ ಆದರೆ ದೂರಿನಲ್ಲಿ ಹಾಗೇ ಬಿಡಿಸಿ ಬರೆಯಬೇಕು. ಹೋಟೆಲಿನ ಮೆನುವಿನ ಸೆಟ್ ದೋಸೆಯನ್ನು ಮುಟ್ಟುವುದೇ ಬೇಡ. ಮೆತ್ತಗಿನ ದೋಸೆಗಳು, ಸಾಮಾನ್ಯವಾಗಿ ತಟ್ಟೆಗೆ ಮೂರು, ಅಂತ ಪಕ್ಕದಲ್ಲಿ ಬರೆದರೆ ಸಾಕು.